ಸಂತ ಜೋಸೆಫ್ ವಾಜ್

ತಲ್ಲೂರಿನ ಸಮೀಪದ ಕುಂದಾಪುರದಲ್ಲಿ 16ನೆಯ ಶತಮಾನದಲ್ಲಿ ಸ್ಥಾಪಿತವಾದ ರೋಜರಿ ಮಾತೆಯ ಇಗರ್ಜಿಯಿದೆ. ಇದನ್ನು ಸಂದರ್ಶಿಸುವವರು ನೆನೆಯುವ ಮಹನೀಯರು ಜೋಸೆಫ್ ವಾಜರು. ಆದರೆ ಅವರ ಸಮಾಧಿ ಇಲ್ಲಿಲ್ಲ.

1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಜನಿಸಿದ ವಾಜರು 1681ರಿಂದ 1684ರವರೆಗೆ ಕನ್ನಡ ಕರಾವಳಿಯಲ್ಲಿ ಗುರುಗಳಾಗಿ ಸೇವೆ ಸಲ್ಲಿಸಿದರು. ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ತೆರಳಿದರು. ಕ್ಯಾಂಡಿಯ ಅರಸನು ಅವರನ್ನು ಗೂಢಚಾರರೆಂದು ಶಂಕಿಸಿ ಸೆರೆಯಲ್ಲಿರಿಸಿದನು. 1697ರಲ್ಲಿ ಅದೇ ನಗರದಲ್ಲಿ ಸಿಡುಬು ಹಬ್ಬಿತು. ಬಂಧುಗಳೇ ತೊರೆದ ರೋಗಿಗಳನ್ನು ವಾಜರು ಮತಭೇದವೆಣಿಸದೆ ಉಪಚರಿಸಿದರು, ಮೃತರನ್ನು ಮಣ್ಣುಮಾಡಿದರು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ದೈವಾಧೀನರಾದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ದಿಕ್ಕಿಲ್ಲದವರಿಗೆ ಗೋರಿ ತೋಡಿದ ಆ ಪುಣ್ಯಾತ್ಮರ ಗೋರಿಯ ಗುರುತು ಇಂದು ಉಳಿದಿಲ್ಲ. ಅವರ ಸೇವೆಯ ನೆನಪು ಮಾತ್ರ ಅಳಿದಿಲ್ಲ.