ಗೋಖಲೆಯವರ ಬದುಕಿನ ಎರಡು ಪತ್ರಪ್ರಸಂಗಗಳು

ಗೋಪಾಲಕೃಷ್ಣ ಗೋಖಲೆ ಎಂದರೆ ಮಂದಗಾಮಿ ನಾಯಕರು, ಗಾಂಧೀಜಿಯವರ ರಾಜಕೀಯ ಗುರು ಎಂದು ನಾವೆಲ್ಲ ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಅವರು ಎಂಥ ಮನುಷ್ಯ ಎಂಬುದನ್ನು ತಿಳಿಯಲು ಎರಡು ಪತ್ರಪ್ರಸಂಗಗಳನ್ನು ನೋಡಬೇಕು.

ಅವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋಟ್ಲುಕ್ ಎಂಬ ಹಳ್ಳಿಯಲ್ಲಿ. ತಂದೆ ಬೇಗ ತೀರಿಕೊಂಡರು. ಅಣ್ಣ ಗೋವಿಂದರಾಯರು ತಮ್ಮ ಚಿಕ್ಕ ಸಂಬಳದಲ್ಲೇ ತಮ್ಮನನ್ನು ಓದಿಸಿದರು. 1884ರಲ್ಲಿ ಪದವಿ ಪಡೆದ ಗೋಖಲೆ ಪುಣೆಯಲ್ಲಿ ಶಿಕ್ಷಕರಾದರು. ಮುಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು. ಸಮಾಜ ಸುಧಾರಕರಾದ ನ್ಯಾಯಮೂರ್ತಿ ರಾನಡೆಯವರು ಅವರಿಗೆ ಗುರುವಾದರು.

1897ರಲ್ಲಿ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಗೋಖಲೆ ಇಂಗ್ಲೆಂಡಿಗೆ ಹೋಗಿದ್ದರು. ಆಗ ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಮನೆ ತಪಾಸಣೆಗೆ ಬಂದ ಸೈನಿಕರು ಹೆಂಗಸರ ಮೇಲೆ ದೌರ್ಜನ್ಯ ಎಸಗಿದರೆಂದು ಊರಿನ ಗೆಳೆಯರು ಪತ್ರ ಬರೆದರು. ಅದನ್ನು ನಂಬಿ ಗೋಖಲೆ ಅಲ್ಲಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ಸರ್ಕಾರ ಪುರಾವೆ ಕೇಳಿತು. ಮರಳಿ ಬಂದಾಗ ಪುರಾವೆ ಸಿಗಲಿಲ್ಲ. ಪತ್ರ ಬರೆದವರ ಹೆಸರು ಹೇಳಿದ್ದರೆ ಅವರು ಅಪಾಯಕ್ಕೆ ಸಿಲುಕುತ್ತಿದ್ದರು. ಗೋಖಲೆ ಯಾರ ಹೆಸರನ್ನೂ ಹೇಳಲಿಲ್ಲ. ತಾವೇ ಬಹಿರಂಗವಾಗಿ ಕ್ಷಮೆ ಕೇಳಿದರು. ಸ್ವಜನರೇ ಅವರನ್ನು ಹೇಡಿ ಎಂದು ಹಳಿದರು. ಆಗ ಅವರಿಗೆ 31 ವರ್ಷ.

ಈ ಅವಮಾನ ಅವರನ್ನು ಕುಗ್ಗಿಸಲಿಲ್ಲ. 1905ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಅದೇ ವರ್ಷ ಭಾರತ ಸೇವಕ ಸಮಾಜವನ್ನು ಕಟ್ಟಿದರು. 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. ಮರುವರ್ಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಸರ್ಕಾರಿ ಶಾಲೆಯಲ್ಲಿ ಓದಿದ ನಾವು ಆ ಸೋಲನ್ನು ಕೃತಜ್ಞತೆಯಿಂದ ನೆನೆಯಬೇಕು.

ಎರಡನೆಯ ಪ್ರಸಂಗ ಅವರ ಕೊನೆಯ ದಿನಗಳದ್ದು. 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆದಿತ್ತು. 1914ರಲ್ಲಿ ತಿಲಕರ ಬಣವನ್ನು ಮತ್ತೆ ಸೇರಿಸಿಕೊಳ್ಳುವ ಸಂಧಾನ ನಡೆಯಿತು. ಮೊದಲು ಒಲವು ತೋರಿದ್ದ ಗೋಖಲೆ ಆಮೇಲೆ ಹಿಂದೆ ಸರಿದರು. ಅದರ ಕಾರಣಗಳನ್ನು ಮದರಾಸು ಅಧಿವೇಶನದ ಅಧ್ಯಕ್ಷರಾಗಲಿದ್ದ ಮಿತ್ರ ಭೂಪೇಂದ್ರನಾಥ ಬಸು ಅವರಿಗೆ ಖಾಸಗಿ ಪತ್ರದಲ್ಲಿ ಬರೆದರು. ಆ ಪತ್ರದ ವಿಷಯ ಮದರಾಸಿನಲ್ಲಿ ಬಾಯಿಂದ ಬಾಯಿಗೆ ಹರಡಿತು. ತಿಲಕರು ನೊಂದರು, ಪತ್ರಿಕೆಗಳಲ್ಲಿ ವಾದ ಬೆಳೆಯಿತು. ಅನಾರೋಗ್ಯದಿಂದ ಬಳಲುತ್ತಿದ್ದ ಗೋಖಲೆ 1915ರ ಫೆಬ್ರವರಿ 19ರಂದು ತೀರಿಕೊಂಡರು. ವಯಸ್ಸು 48. ಚಿತೆಯ ಬಳಿ ನಿಂತು ಅವರ ದೇಶಸೇವೆಯನ್ನು ಕೊಂಡಾಡಿದವರಲ್ಲಿ ತಿಲಕರೂ ಒಬ್ಬರು.

ಪರರ ಪತ್ರದ ಗುಟ್ಟು ಕಾಯಲು ಗೋಖಲೆ ತಮ್ಮ ಮಾನವನ್ನೇ ಪಣಕ್ಕಿಟ್ಟರು. ಅವರದೇ ಪತ್ರದ ಗುಟ್ಟು ಮಾತ್ರ ಉಳಿಯಲಿಲ್ಲ. ಬಂದ ಸಂದೇಶವನ್ನು ಕ್ಷಣದಲ್ಲಿ ನೂರು ಜನಕ್ಕೆ ದಾಟಿಸುವ ಕಂಪ್ಯೂಟರ್ ಕೆಲಸವೇ ನನ್ನ ಹೊಟ್ಟೆಪಾಡು. ಆದ್ದರಿಂದ ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕೆನಿಸುತ್ತದೆ: ಕೇಳಿದ್ದನ್ನು ಸಾರುವ ಮುನ್ನ ಪುರಾವೆ ನೋಡಿ, ನಂಬಿ ಹೇಳಿದವರನ್ನು ಬಿಟ್ಟುಕೊಡಬೇಡಿ. ಗೋಖಲೆಯವರ ಬದುಕಿನಿಂದ ಇಷ್ಟನ್ನು ಕಲಿತರೂ ಸಾಕು.