ಪುಟ್ಟಣ್ಣನವರ ಎರಡನೆಯ ನಾಗರಹಾವು

ಮುತ್ತಿನಕೊಪ್ಪದ ನಮ್ಮ ಶಾಲೆಯ ಮೇಷ್ಟ್ರು ಸಿನಿಮಾ ನೋಡುವ ಪೈಕಿ ಅಲ್ಲ. ಮಕ್ಕಳು ಸಿನಿಮಾ ಹಾಡು ಗುನುಗಿದರೆ ಬೆತ್ತಕ್ಕೆ ಕೈ ಹಾಕುತ್ತಿದ್ದವರು. ಅಂಥವರು ಎಪ್ಪತ್ತರ ದಶಕದ ನಡುವಿನಲ್ಲೊಂದು ದಿನ, ನರಸಿಂಹರಾಜಪುರದ ಟೆಂಟಿಗೆ ‘ನಾಗರಹಾವು’ ಬಂದಿದೆ ಎಂದು ತಿಳಿದು, ದೊಡ್ಡ ತರಗತಿಯ ಏಳೆಂಟು ಹುಡುಗರನ್ನು ತಾವೇ ಕರೆದುಕೊಂಡು ಹೊರಟರು. ಊರಿನ ಹಿರಿಯರು ಆಗಲೂ ನರಸಿಂಹರಾಜಪುರವನ್ನು ಯಡೇಹಳ್ಳಿ ಎಂದೇ ಕರೆಯುತ್ತಿದ್ದರು. ಅದರಲ್ಲಿ ಒಬ್ಬ ಮೇಷ್ಟ್ರ ಕತೆ ಇದೆಯಂತೆ ಎಂಬುದಷ್ಟೇ ಅವರು ಕೊಟ್ಟ ಕಾರಣ. ಆಟ ಮುಗಿದ ಮೇಲೆ ಮರ ಸಾಗಿಸುವ ಲಾರಿಯೊಂದರ ಹಿಂಬದಿಯಲ್ಲಿ ಕುಳಿತು ಊರಿಗೆ ಮರಳಿದೆವು. ನಾವು ಹುಡುಗರು ರಾಮಾಚಾರಿಯ ಕೋಪವನ್ನು ಅಭಿನಯಿಸುತ್ತ ಗದ್ದಲ ಮಾಡುತ್ತಿದ್ದರೆ, ಮೇಷ್ಟ್ರು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ.

ಆ ಮೌನದ ಅರ್ಥವನ್ನು ನಾನು ಹುಡುಕತೊಡಗಿದ್ದು ಹತ್ತು ವರ್ಷಗಳ ನಂತರ, ಅದೇ ಕತೆಯನ್ನು ಹಿಂದಿಯಲ್ಲಿ ನೋಡಿದಾಗ. ಎರಡನ್ನೂ ನಿರ್ದೇಶಿಸಿದವರು ಒಬ್ಬರೇ, ಎಸ್.ಆರ್. ಪುಟ್ಟಣ್ಣ ಕಣಗಾಲ್. ಮೊದಲನೆಯದು ಕನ್ನಡಿಗರ ಮನೆಮಾತಾಯಿತು. ಎರಡನೆಯದನ್ನು ನೆನೆಯುವವರು ಹೆಚ್ಚೆಂದರೆ ಅದರ ಒಂದು ಹಾಡನ್ನು ನೆನೆಯುತ್ತಾರೆ.

ಪುಟ್ಟಣ್ಣನವರು ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಮನೆಯಲ್ಲಿ ಪಾಂಡಿತ್ಯವಿತ್ತು, ಹಣವಿರಲಿಲ್ಲ. ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಯವರು ಮುಂದೆ ಗೀತರಚನಕಾರರಾಗಿ ಹೆಸರು ಮಾಡಿದರು. ತಮ್ಮನದು ಸುತ್ತುದಾರಿ. ಹೊಟ್ಟೆಪಾಡಿಗಾಗಿ ಪಾಠ ಹೇಳಿದ್ದುಂಟು, ಸರಕು ಮಾರಿದ್ದುಂಟು, ಸಿನಿಮಾ ಪ್ರಚಾರದ ಹುಡುಗನಾಗಿ ಅಲೆದದ್ದುಂಟು. ಕಡೆಗೆ ಮದರಾಸಿನಲ್ಲಿ ಬಿ.ಆರ್. ಪಂತುಲು ಅವರ ಗರಡಿ ಸೇರಿದರು. ಪಂತುಲು ಒಂದೇ ಕತೆಯನ್ನು ಕನ್ನಡ, ತಮಿಳು, ತೆಲುಗುಗಳಲ್ಲಿ ಹದ ಬದಲಿಸಿ ಬಡಿಸಬಲ್ಲ ನಿರ್ಮಾಪಕ, ನಿರ್ದೇಶಕ. ಒಂದು ಭಾಷೆಯ ಕಣ್ಣೀರನ್ನು ಇನ್ನೊಂದು ಭಾಷೆಗೆ ಸಾಗಿಸುವ ಕಸುಬನ್ನು ಶಿಷ್ಯ ಕಲಿತದ್ದು ಅಲ್ಲಿಯೇ.

ಪುಟ್ಟಣ್ಣನವರ ನಿರ್ದೇಶನ ಆರಂಭವಾದದ್ದು ಕನ್ನಡದಲ್ಲಲ್ಲ ಎಂಬುದನ್ನು ನಾವು ಮರೆಯುತ್ತೇವೆ. 1964ರಲ್ಲಿ ಅವರು ಮಲಯಾಳದಲ್ಲಿ ‘ಸ್ಕೂಲ್ ಮಾಸ್ಟರ್’ ತೆಗೆದರು. ಅದು ಪಂತುಲು ಅವರ 1958ರ ಕನ್ನಡ ಚಿತ್ರದ ಮರುರೂಪ. ಹೆತ್ತ ಮಕ್ಕಳು ಕೈಬಿಟ್ಟ ಮುದಿ ಮೇಷ್ಟ್ರಿಗೆ ಹಳೆಯ ಶಿಷ್ಯನೇ ಆಸರೆಯಾಗುವ ಕತೆ. ಎರಡು ವರ್ಷದ ನಂತರ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲೇ ‘ಪೂಚಕ್ಕಣ್ಣಿ’ ಎಂಬ ಚಿತ್ರವಾಗಿಸಿದರು. ಕನ್ನಡ ಕಾದಂಬರಿಯೊಂದು ಕೇರಳದ ನೀರಿನಲ್ಲಿ ಬೇರು ಬಿಡುವುದನ್ನು ಕಂಡ ಮೇಲೆ ಅವರಿಗೆ ಭಾಷೆಯ ಗಡಿ ದೊಡ್ಡ ಅಡ್ಡಿಯೆಂದು ತೋರಿರಲಾರದು. ಮುಂದೆ ತಮ್ಮ ‘ಕಪ್ಪು ಬಿಳುಪು’ ಚಿತ್ರವನ್ನು ತಮಿಳಿಗೆ ಒಯ್ದವರೂ ಅವರೇ.

1967ರ ‘ಬೆಳ್ಳಿಮೋಡ’ದಿಂದ ಕನ್ನಡದ ಪುಟ್ಟಣ್ಣ ಶುರುವಾಗುತ್ತಾರೆ. ಮತ್ತೆ ತ್ರಿವೇಣಿಯವರ ಕಾದಂಬರಿ. ಆಸ್ತಿಯ ಲೆಕ್ಕ ತಪ್ಪಿದೊಡನೆ ಕೈಬಿಟ್ಟ ಗಂಡು ಮರಳಿ ಬಂದಾಗ ಹೆಣ್ಣು ಅವನನ್ನು ಒಲ್ಲೆನೆನ್ನುವ ಕತೆ. ನಂತರ ‘ಗೆಜ್ಜೆಪೂಜೆ’. ನಮ್ಮ ನರಸಿಂಹರಾಜಪುರದ ನಂಟಿದ್ದ ಎಂ.ಕೆ. ಇಂದಿರಾ ಅವರ ಕಾದಂಬರಿ ಆಧಾರಿತ ಆ ಚಿತ್ರದ ಚಿತ್ರಕತೆಗೆ ರಾಷ್ಟ್ರಪ್ರಶಸ್ತಿ ಬಂತು. 1971ರಲ್ಲಿ ‘ಶರಪಂಜರ’; ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದವಳನ್ನು ಮನೆಯವರ ಅನುಮಾನವೇ ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ. ಇವುಗಳಲ್ಲೆಲ್ಲ ನ್ಯಾಯದ ತಕ್ಕಡಿ ಸ್ಪಷ್ಟ. ಸಮಾಜ ಒಂದು ಕಡೆ, ನೊಂದ ಹೆಣ್ಣು ಇನ್ನೊಂದು ಕಡೆ, ನಿರ್ದೇಶಕರು ಯಾರ ಪಕ್ಕ ನಿಂತಿದ್ದಾರೆಂಬ ಬಗ್ಗೆ ಸಂಶಯವೇ ಇಲ್ಲ.

1972ರ ಕೊನೆಯಲ್ಲಿ ತೆರೆಕಂಡ ‘ನಾಗರಹಾವು’ ಹಾಗಲ್ಲ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು (‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’) ಹೆಣೆದು ಮಾಡಿದ ಚಿತ್ರಕತೆ ಅದು. ನಿರ್ಮಾಪಕರು ಎನ್. ವೀರಾಸ್ವಾಮಿ. ಚಿತ್ರದುರ್ಗದ ಒರಟು ಹುಡುಗ ರಾಮಾಚಾರಿಯನ್ನು ಹೆತ್ತವರು ತಿದ್ದಲಾರರು, ಕಾಲೇಜು ತಿದ್ದಲಾರದು. ಚಾಮಯ್ಯ ಮೇಷ್ಟ್ರ ಮಾತೊಂದೇ ಅವನಿಗೆ ವೇದ. ಅವನು ಅಲಮೇಲುವನ್ನು ಪ್ರೀತಿಸಿದಾಗ ಮೇಷ್ಟ್ರು ಜಾತಿಯ, ಸಂಪ್ರದಾಯದ ಮಾತೆತ್ತಿ ಅವನಿಂದ ತ್ಯಾಗ ಮಾಡಿಸುತ್ತಾರೆ. ಬೇರೆಯವನ ಕೈಹಿಡಿದ ಅಲಮೇಲು ಮೈಮಾರುವ ದುರ್ಗತಿಗೆ ಇಳಿಯುತ್ತಾಳೆ. ಆಮೇಲೆ ಮಾರ್ಗರೆಟ್ ಬರುತ್ತಾಳೆ. ಮೇಷ್ಟ್ರು ಮತ್ತೆ ಅಡ್ಡ ಬರುತ್ತಾರೆ. ಕೋಪದ ಒಂದು ಕ್ಷಣದಲ್ಲಿ ಅವರು ಬೆಟ್ಟದ ಮೇಲಿಂದ ಬಿದ್ದು ಸಾಯುತ್ತಾರೆ. ಶಿಷ್ಯನೂ ಮಾರ್ಗರೆಟ್ಟಳೂ ಅದೇ ದಾರಿ ಹಿಡಿಯುತ್ತಾರೆ.

ಚಿತ್ರ ಗೆದ್ದ ಪರಿಯನ್ನು ಮತ್ತೆ ಹೇಳಬೇಕಾಗಿಲ್ಲ. ಸಂಪತ್ ಕುಮಾರ್ ಎಂಬ ತರುಣ ವಿಷ್ಣುವರ್ಧನ್ ಆದದ್ದು, ಜಲೀಲನ ಚಿಕ್ಕ ಪಾತ್ರದಿಂದ ಅಂಬರೀಷ್ ಬೆಳಕಿಗೆ ಬಂದದ್ದು, ಜಯಂತಿಯವರ ಓಬವ್ವ, ವಿಜಯಭಾಸ್ಕರ್ ಅವರ ಸಂಗೀತ, ಎಲ್ಲವೂ ಕನ್ನಡಿಗರ ಮನೆಯ ಆಲ್ಬಂನಲ್ಲಿ ಅಂಟಿಸಿದ ಚಿತ್ರಗಳು. ಒಪ್ಪದಿದ್ದವರಲ್ಲಿ ಮುಖ್ಯರು ಮೂಲ ಲೇಖಕರೇ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂಬ ತರಾಸು ಅವರ ಅಸಮಾಧಾನ ಚಿತ್ರರಸಿಕರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ. ಬಹುಕಾಲ ನಾನು ಇದನ್ನು ಕಾದಂಬರಿಕಾರರ ಸಹಜ ಮುನಿಸೆಂದೇ ತಳ್ಳಿಹಾಕಿದ್ದೆ.

1974ರಲ್ಲಿ ವೀರಾಸ್ವಾಮಿ ಮತ್ತು ಪುಟ್ಟಣ್ಣ ಅದೇ ಕತೆಯನ್ನು ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ಹಿಂದಿಗೆ ಒಯ್ದರು. ಸಿದ್ಧತೆಯಲ್ಲಿ ಕೊರತೆ ಕಾಣದು. ಹಿಂದಿನ ವರ್ಷವಷ್ಟೇ ‘ಬಾಬಿ’ಯಿಂದ ದೇಶದ ಕಣ್ಮಣಿಯಾಗಿದ್ದ ರಿಷಿ ಕಪೂರ್ ನಾಯಕ. ಮೌಶುಮಿ ಚಟರ್ಜಿ ಮತ್ತು ನೀತು ಸಿಂಗ್ ನಾಯಕಿಯರು. ಮೇಷ್ಟ್ರ ಪಾತ್ರಕ್ಕೆ ಪ್ರಾಣ್. ಆರ್.ಡಿ. ಬರ್ಮನ್ ಸಂಗೀತ, ಮಜರೂಹ್ ಸುಲ್ತಾನ್‌ಪುರಿಯವರ ಸಾಹಿತ್ಯಕ್ಕೆ ಕಿಶೋರ್ ಕುಮಾರ್ ಕಂಠ. ಕನ್ನಡದಿಂದ ಅಂಬರೀಷ್ ಕೂಡ ಜೊತೆಗೆ ಹೋದರು. ಆದರೂ ಚಿತ್ರ ನೆಲಕಚ್ಚಿತು. ಪುಟ್ಟಣ್ಣ ಹಿಂದಿಯಲ್ಲಿ ಮತ್ತೊಂದು ಚಿತ್ರ ಮಾಡಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ, ಆಗಿನ್ನೂ ಬೊಂಬಾಯಿಯಾಗಿದ್ದ ನಗರದಲ್ಲಿ ನೌಕರಿಗಿದ್ದಾಗ, ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ ನಾನದನ್ನು ನೋಡಿದೆ. ಜೊತೆಯಲ್ಲಿ ಕೋಣೆ ಹಂಚಿಕೊಂಡಿದ್ದ ಮರಾಠಿ ಗೆಳೆಯನಿದ್ದ. ನಮ್ಮೂರ ಕತೆ ನೋಡು ಎಂದು ಹೆಮ್ಮೆಯಿಂದ ಕೂರಿಸಿಕೊಂಡಿದ್ದೆ. ಚಿತ್ರ ಮುಗಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ಆ ಹುಡುಗ ಮೇಷ್ಟ್ರ ಮಾತನ್ನು ಏಕೆ ಕೇಳಬೇಕಿತ್ತು? ಸಿಟ್ಟು ಬಂದರೆ ಊರನ್ನೇ ಎದುರುಹಾಕಿಕೊಳ್ಳುವವನು ಒಬ್ಬ ಮುದುಕನ ಮಾತಿಗೆ ಪ್ರೀತಿಸಿದವಳನ್ನು ಹೇಗೆ ಬಿಟ್ಟುಕೊಟ್ಟ? ನಾನು ಉತ್ತರಿಸಲು ಹೊರಟೆ, ಆಗಲಿಲ್ಲ. ನನ್ನ ಉತ್ತರವೆಲ್ಲ ಕನ್ನಡ ಚಿತ್ರದಲ್ಲಿತ್ತು. ಅವನು ನೋಡಿದ್ದರಲ್ಲಿ ಇರಲಿಲ್ಲ.

ಏನು ಕಳೆದುಹೋಗಿತ್ತು? ಮೊದಲಿಗೆ ಹೆಸರುಗಳು. ರಾಮಾಚಾರಿ ಎಂದೊಡನೆ ಮಾಧ್ವರ ಮನೆಯ ಪಡಸಾಲೆ ಕಣ್ಣಿಗೆ ಬರುತ್ತದೆ, ಅಲಮೇಲು ಎಂದೊಡನೆ ಅಯ್ಯಂಗಾರರ ಮನೆಯ ಬಾಗಿಲು. ಇಬ್ಬರೂ ಬ್ರಾಹ್ಮಣರೇ; ಹಾಗಿದ್ದೂ ನಡುವೆ ದಾಟಲಾಗದ ಹೊಳೆಯಿದೆ ಎಂಬುದು ಸಂಭಾಷಣೆಯಿಲ್ಲದೆಯೇ ನಮಗೆ ಅರ್ಥವಾಗುತ್ತದೆ. ಹಿಂದಿಯ ಹೊಸ ಹೆಸರುಗಳು ಹೊಳೆಯನ್ನು ಬತ್ತಿಸಿದವು, ಆದರೆ ದಾಟಬಾರದೆಂಬ ನಿಷೇಧವನ್ನು ಉಳಿಸಿಕೊಂಡವು. ಎರಡನೆಯದು ಕೋಟೆ. ಮದಕರಿ ನಾಯಕ, ಹೈದರನ ಮುತ್ತಿಗೆ, ಕಿಂಡಿಯ ಬಳಿ ಒನಕೆ ಹಿಡಿದು ನಿಂತವಳು, ಇವನ್ನು ಪಠ್ಯಪುಸ್ತಕದಲ್ಲೇ ಓದಿದವನಿಗೆ ದುರ್ಗದ ಬಂಡೆ ಬರಿಯ ಬಂಡೆಯಲ್ಲ. ಆ ಹುಡುಗನ ಛಲ ಎಲ್ಲಿಂದ ಬಂತೆಂದು ಅದು ಹೇಳುತ್ತದೆ. ಉತ್ತರದ ಪ್ರೇಕ್ಷಕನಿಗೆ ಅದು ಹಾಡು ಚಿತ್ರೀಕರಿಸಲು ಅನುಕೂಲವಾದ ಬಿಸಿಲುಗುಡ್ಡ. ರಿಷಿ ಕಪೂರರ ಎಳೆಯ, ನಗುವ ಮುಖದ ಮೇಲೆ ‘ಬಾಬಿ’ಯ ಬೆಳಕು ಇನ್ನೂ ಆರಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಅವರು ಕೆಟ್ಟದಾಗಿ ನಟಿಸಿದರೆಂದು ನಾನು ಹೇಳಲಾರೆ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಅಶ್ವಥ್. ಕೆ.ಎಸ್. ಅಶ್ವಥ್ ತೆರೆಗೆ ಬಂದರೆ ಕನ್ನಡ ಪ್ರೇಕ್ಷಕ ಅವರನ್ನು ಮೊದಲೇ ನಂಬಿರುತ್ತಿದ್ದ. ಎಷ್ಟೋ ಚಿತ್ರಗಳ ತಂದೆ, ಅಣ್ಣ, ನಾರದ ಅವರೊಳಗಿದ್ದರು. ಚಾಮಯ್ಯನ ಮಾತನ್ನು ರಾಮಾಚಾರಿ ಕೇಳಿದ್ದು ನಾವೆಲ್ಲ ಅಶ್ವಥ್ ಅವರ ಮಾತನ್ನು ಕೇಳುತ್ತಿದ್ದುದರಿಂದ. ಪ್ರಾಣ್ ಮಹಾನ್ ನಟ, ಆ ಹೊತ್ತಿಗೆ ಸಜ್ಜನರ ಪಾತ್ರಗಳಿಗೂ ಹೊರಳಿದ್ದರು. ಆದರೆ ಹಿಂದಿಯವರು ಅವರ ಕಣ್ಣುಗಳಲ್ಲಿ ದಶಕಗಳ ಕಾಲ ಸಂಚನ್ನು ಕಂಡಿದ್ದವರು. ಮೇಷ್ಟ್ರು ಹುಡುಗನ ಹೆಗಲ ಮೇಲೆ ಕೈಯಿಟ್ಟು ತ್ಯಾಗದ ದೊಡ್ಡಸ್ತಿಕೆಯನ್ನು ಬೋಧಿಸುವಾಗ ಆ ಕೈಯ ಭಾರ ಎದ್ದು ಕಾಣುತ್ತದೆ.

ನನ್ನನ್ನು ಕದಲಿಸಿದ್ದು ಇದೇ. ಮಮತೆಯ ಪೊರೆ ಕಳಚಿದ ಹಿಂದಿ ಚಿತ್ರದಲ್ಲಿ ಚಾಮಯ್ಯ ಮಾಡಿದ್ದೇನು ಎಂಬುದು ಬೆತ್ತಲಾಗಿ ಕಂಡಿತು. ತನ್ನನ್ನು ನಂಬಿದ ಒಂದು ಜೀವದ ನಂಬಿಕೆಯನ್ನೇ ಬಳಸಿ ಅದರ ಬದುಕನ್ನು ಎರಡು ಸಲ ಮುರಿದ ಮನುಷ್ಯ ಅವನು. ಅಲಮೇಲುವಿನ ದುರ್ಗತಿಯ ಮೊದಲ ಮೆಟ್ಟಿಲು ಅವನ ಹಿತೋಕ್ತಿ. ‘ಶರಪಂಜರ’ದಲ್ಲಿ ಅನುಮಾನದ ಕಣ್ಣಿನಿಂದ ನೋಡುವ ಸಮಾಜವನ್ನು ನಾವು ಹಿಂಜರಿಯದೆ ಖಂಡಿಸುತ್ತೇವೆ. ಅದೇ ಸಮಾಜ ‘ನಾಗರಹಾವು’ವಿನಲ್ಲಿ ಪ್ರೀತಿಯ ಮೇಷ್ಟ್ರ ದನಿಯಲ್ಲಿ ಮಾತಾಡಿದಾಗ ಕಣ್ಣೊರೆಸಿಕೊಳ್ಳುತ್ತೇವೆ. ಹೆಣ್ಣಿನ ಪರವಾಗಿ ಅಷ್ಟು ಚಿತ್ರಗಳನ್ನು ಮಾಡಿದ ನಿರ್ದೇಶಕರಿಗೆ ಇದು ಕಾಣಲಿಲ್ಲವೇ? ಕಂಡಿತ್ತೆಂದೇ ನನ್ನ ಎಣಿಕೆ. ಇಲ್ಲದಿದ್ದರೆ ಮೇಷ್ಟ್ರ ಸಾವಿಗೆ ಶಿಷ್ಯನ ಕೋಪವನ್ನೇ ಕಾರಣವಾಗಿಸುತ್ತಿರಲಿಲ್ಲ. ಆದರೆ ಮೇಷ್ಟ್ರು ಎಂಬ ಪದದ ಬಗ್ಗೆ ಅವರಿಗಿದ್ದ ಭಕ್ತಿ ಮಲಯಾಳದ ಮೊದಲ ಚಿತ್ರದಿಂದಲೂ ಜೊತೆಗೆ ಬಂದದ್ದು. ಚಾಮಯ್ಯನನ್ನು ತಪ್ಪಿತಸ್ಥನೆಂದು ತೋರಿಸುತ್ತಲೇ ಅವನನ್ನು ಕ್ಷಮಿಸುವಂತೆ ನಮ್ಮನ್ನು ಸಿದ್ಧಪಡಿಸಿಬಿಟ್ಟರು. ತರಾಸು ಅವರ ಮುನಿಸಿನಲ್ಲಿ ಹುರುಳಿದೆ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆ ಕ್ಯಾಸೆಟ್ಟಿನ ರಾತ್ರಿ.

ವಿಚಿತ್ರವೆಂದರೆ ಪುಟ್ಟಣ್ಣನವರ ಕತೆಗಳು ಬೇರೆಯವರ ಕೈಯಲ್ಲಿ ಹಿಂದಿಗೆ ಸಲೀಸಾಗಿ ಹೋದವು. ಅವರ ‘ಪಡುವಾರಳ್ಳಿ ಪಾಂಡವರು’ ಚಿತ್ರವನ್ನು ಬಾಪು 1980ರಲ್ಲಿ ‘ಹಮ್ ಪಾಂಚ್’ ಆಗಿಸಿದರು. ನಮ್ಮ ಮೇಲುಕೋಟೆಯಲ್ಲೇ ಚಿತ್ರೀಕರಿಸಿ ಗೆದ್ದರು. ‘ಗೆಜ್ಜೆಪೂಜೆ’ 1981ರಲ್ಲಿ ‘ಆಹಿಸ್ತಾ ಆಹಿಸ್ತಾ’ ಆಯಿತು. ಪಾಂಡವರ ಕತೆ ದೇಶಕ್ಕೆಲ್ಲ ಗೊತ್ತು, ವೇಶ್ಯೆಯ ಮಗಳ ಸಂಕಟವೂ ಎಲ್ಲೆಡೆ ಒಂದೇ. ಚಾಮಯ್ಯ ಮಾತ್ರ ದಾಟಲಿಲ್ಲ.

ಹಿಂದಿಯ ಸೋಲಿನ ನಂತರವೂ ಹತ್ತು ವರ್ಷ ಅವರು ಬಿಡುವಿಲ್ಲದೆ ದುಡಿದರು. 1976ರ ‘ಕಥಾಸಂಗಮ’ದಲ್ಲಿ ಮೂರು ಕತೆಗಳನ್ನು ಒಂದೇ ಚಿತ್ರದೊಳಗೆ ಇಟ್ಟ ಪ್ರಯೋಗ ನನಗೆ ಇಂದಿಗೂ ಅಚ್ಚರಿ. 1981ರ ‘ರಂಗನಾಯಕಿ’ ಅವರ ಕೊನೆಯ ದೊಡ್ಡ ಚಿತ್ರ. ಆಮೇಲಿನವುಗಳಲ್ಲಿ ದಣಿವು ಕಾಣುತ್ತದೆ. ಅದರ ವಿವರ ಇಲ್ಲಿ ಬೇಡ. ‘ಮಸಣದ ಹೂವು’ ಮುಗಿಯುವ ಮೊದಲೇ, 1985ರ ಜೂನ್ 5ರಂದು ಅವರು ತೀರಿಕೊಂಡರು. ವಯಸ್ಸು ಐವತ್ತೊಂದು. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿ ಪೂರೈಸಿದರು. ತರಾಸು ಅದರ ಹಿಂದಿನ ವರ್ಷವೇ ಹೋಗಿದ್ದರು.

2018ರಲ್ಲಿ ಹೊಸ ಶಬ್ದ, ಹೊಸ ಹೊಳಪಿನೊಂದಿಗೆ ‘ನಾಗರಹಾವು’ ಮತ್ತೆ ತೆರೆಗೆ ಬಂದಾಗ ಬೆಂಗಳೂರಿನಲ್ಲಿ ಹೋಗಿ ನೋಡಿದೆ. ಜಲೀಲ ಕಾಣಿಸಿಕೊಂಡಾಗ ಚಿತ್ರಮಂದಿರವೇ ಕಿರುಚಿತು. ಚಾಮಯ್ಯ ಹುಡುಗನನ್ನು ಒಪ್ಪಿಸುವ ದೃಶ್ಯ ಬಂದಾಗ ಎಲ್ಲರೂ ಸುಮ್ಮನಾದರು. ನಾನೂ ಮತ್ತೆ ಅಶ್ವಥ್ ಅವರನ್ನು ನಂಬಿದೆ, ಇಷ್ಟೆಲ್ಲ ತಿಳಿದ ಮೇಲೂ.

ನಮ್ಮ ಮೇಷ್ಟ್ರ ಬಗ್ಗೆ ಒಂದು ಮಾತು ಉಳಿದಿದೆ. ಟೆಂಟಿನಲ್ಲಿ ಸಿನಿಮಾ ನೋಡಿದ ಮರುವರ್ಷ, ಮುತ್ತಿನಕೊಪ್ಪದಲ್ಲಿ ಅವರ ಹಳೆಯ ಶಿಷ್ಯನೊಬ್ಬ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗುತ್ತೇನೆಂದು ಪಟ್ಟುಹಿಡಿದ. ಹುಡುಗನ ಮನೆಯವರು ಎಲೆ ಅಡಿಕೆ ಹಿಡಿದು ಮೇಷ್ಟ್ರ ಮನೆಗೆ ಬಂದರು. ನಿಮ್ಮ ಮಾತಾದರೆ ಅವನು ಕೇಳುತ್ತಾನೆ, ನೀವೇ ಬಂದು ಬುದ್ಧಿ ಹೇಳಬೇಕೆಂದು ಕೇಳಿಕೊಂಡರು. ಅಂದು ಪಾಠ ಹೇಳಿಸಿಕೊಳ್ಳಲು ನಾವು ಮೂವರು ಅವರ ಜಗಲಿಯಲ್ಲೇ ಕುಳಿತಿದ್ದೆವು. ಮೇಷ್ಟ್ರು ಬಂದವರಿಗೆ ಕಾಫಿ ಕೊಡಿಸಿದರು. ಮಳೆ, ಗದ್ದೆ, ಭದ್ರಾ ಹಿನ್ನೀರಿನ ಮಾತಾಡಿದರು. ಆ ಹುಡುಗನ ಮನೆಗೆ ಮಾತ್ರ ಹೋಗಲಿಲ್ಲ.