ಇಸ್ಮಾಯಿಲಿಯಾದ ಉಪಾಧ್ಯಾಯ: ಹಸನ್ ಅಲ್ ಬನ್ನಾ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಮುಂದೆ ಉಪಾಧ್ಯಾಯನಾಗಬೇಕೆಂಬುದು ಆಸೆ. ಅದರಿಂದಲೋ ಏನೋ, ಇಸ್ಲಾಮೀ ಮೂಲಭೂತವಾದದ ಚರಿತ್ರೆ ಓದುವಾಗ ನನ್ನ ಗಮನ ನಿಂತುದು 21 ವರ್ಷದ ಒಬ್ಬ ಶಾಲಾ ಉಪಾಧ್ಯಾಯನ ಮೇಲೆ.

ಹಸನ್ ಅಲ್ ಬನ್ನಾ 1906ರಲ್ಲಿ ಈಜಿಪ್ಟಿನ ಮಹ್ಮೂದಿಯಾದಲ್ಲಿ ಜನಿಸಿದನು. ತಂದೆ ಗಡಿಯಾರ ರಿಪೇರಿ ಮಾಡುತ್ತಲೇ ಧರ್ಮಶಾಸ್ತ್ರದಲ್ಲಿ ಪಾಂಡಿತ್ಯ ಪಡೆದವರು. 1927ರಲ್ಲಿ ಕೈರೋದಲ್ಲಿ ವ್ಯಾಸಂಗ ಮುಗಿಸಿದ ಮಗನಿಗೆ ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಾಲುವೆ ಕಂಪನಿಯ ಐರೋಪ್ಯರಿಗೆ ಬಂಗಲೆ, ಈಜಿಪ್ಟಿನ ಕೂಲಿಗಳಿಗೆ ಗುಡಿಸಲು. ಹತ್ತಿರದಲ್ಲೇ ಬ್ರಿಟಿಷರ ದಂಡು. ಮುಸಲ್ಮಾನರು ಧರ್ಮವನ್ನು ಮರೆತುದೇ ಈ ಅವಮಾನಕ್ಕೆ ಕಾರಣವೆಂದು ಅವನು ತೀರ್ಮಾನಿಸಿದನು. 1928ರಲ್ಲಿ ಆರು ಮಂದಿ ಕೂಲಿಗಾರರೊಡನೆ ಮುಸ್ಲಿಂ ಸೋದರ ಸಂಘವನ್ನು ಕಟ್ಟಿದನು. ಕಾಫಿ ಅಂಗಡಿಗಳಲ್ಲಿ ಉಪದೇಶ ಮಾಡಿದನು, ಶಾಲೆಗಳನ್ನು ತೆರೆದನು. ಧರ್ಮದ ಕಟ್ಟಳೆಯೇ ರಾಜ್ಯದ ಕಾನೂನಾಗಬೇಕೆಂಬುದು ಗುರಿ. ಹಾಗಾದರೆ ಆ ನಾಡಿನ ಕಾಪ್ಟ್ ಕ್ರೈಸ್ತರ ಗತಿಯೇನು? ನನಗೆ ತೃಪ್ತಿಯಾಗುವ ಉತ್ತರ ಅವನಲ್ಲಿ ದೊರೆಯಲಿಲ್ಲ.

ಸಂಘದೊಳಗೆ ಗುಪ್ತ ಸಶಸ್ತ್ರ ದಳವೊಂದೂ ಬೆಳೆಯಿತು. 1948ರ ಡಿಸೆಂಬರಿನಲ್ಲಿ ಪ್ರಧಾನಿ ನುಕ್ರಾಶಿ ಸಂಘವನ್ನು ನಿಷೇಧಿಸಿದರು. ತಿಂಗಳು ಮುಗಿಯುವ ಮೊದಲೇ ಸಂಘದ ಸದಸ್ಯನೊಬ್ಬ ಅವರನ್ನು ಗುಂಡಿಟ್ಟು ಕೊಂದನು. ಅವನು ಪಶುವೈದ್ಯ ಕಲಿಯುತ್ತಿದ್ದ ವಿದ್ಯಾರ್ಥಿ, ನಮ್ಮ ವಯಸ್ಸಿನವನು! ಬನ್ನಾ ಕೊಲೆಯನ್ನು ಖಂಡಿಸಿದನು. ಆದರೆ ಆ ದಳ ಬೆಳೆದುದು ಅವನ ನೆರಳಿನಲ್ಲೇ ಅಲ್ಲವೆ?

ಅವನ ಸಂಘದ ಕೊಂಬೆಗಳು ಸಿರಿಯಾ, ಜೋರ್ಡಾನುಗಳಿಗೆ ಹಬ್ಬಿದವು. 1987ರಲ್ಲಿ ಹುಟ್ಟಿದ ಗಾಜಾದ ಹಮಾಸಿನ ಬೇರೂ ಅಲ್ಲಿಯದೇ. ಹಮಾಸಿನ ಹುಟ್ಟನ್ನು ಬನ್ನಾ ಕಾಣಲಿಲ್ಲ. 1949ರ ಫೆಬ್ರವರಿ 12ರಂದು ಕೈರೋದ ಬೀದಿಯಲ್ಲಿ ಅವನಿಗೂ ಗುಂಡು ಬಿದ್ದಿತು, ವಯಸ್ಸು 42. ಶವಯಾತ್ರೆಗೆ ಸರಕಾರ ಜನರನ್ನು ಬಿಡಲಿಲ್ಲ. ಮುದಿ ತಂದೆಯೊಡನೆ ಮನೆಯ ಹೆಂಗಸರೇ ಹೆಣಕ್ಕೆ ಹೆಗಲು ಕೊಟ್ಟರು.